ಹರಿಗೋಲಿನ ಆಟ

ಶಕ್ತಿನಗರ, ರಾಯಚೂರು ಜಿಲ್ಲೆ
೬ ಜನವರಿ ೧೯೮೫

ಕಾತ್ಯಾ,

ಬಂದು ಒಂದು ತಿಂಗಳಾಯಿತು. ಕಾಗದ ಬರೆಯಲು ಇವತ್ತು ಪುರಸೊತ್ತು ಸಿಕ್ಕಿತು ಅಂತ ಬರೆದರೆ ನೀನು ನಂಬುವುದಿಲ್ಲ. ಇಲ್ಲಿ ಇರುವುದೆಲ್ಲ ಪುರಸೊತ್ತೇ. ಎರಡು ಕೋಣೆಯ ಹೊಸ ಕ್ವಾರ್ಟರ್ಸು, ಇನ್ನೂ ಸುಣ್ಣದ ವಾಸನೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಹಿಂದೆ ಕೃಷ್ಣಾ ನದಿ. ದಡದಲ್ಲಿ ಬುಟ್ಟಿಯ ಹಾಗಿರುವ ಗುಂಡನೆಯ ಹರಿಗೋಲು ಹಾಕಿಕೊಂಡು ಆಚೆ ಊರಿಗೆ ಹೋಗುತ್ತಾರೆ. ಅದು ಮುಂದಕ್ಕೆ ಹೋಗುವುದಕ್ಕಿಂತ ಗಿರಗಿರ ತಿರುಗುವುದೇ ಹೆಚ್ಚು. ನೋಡಿದರೆ ನನಗೇ ತಲೆ ಸುತ್ತುತ್ತದೆ.

ಇವರು ಒಮ್ಮೆ ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ತಾವು ಕೆಲಸ ಮಾಡುವ ಜಾಗವನ್ನು ಬಾಗಿಲಿನಿಂದಲೇ ತೋರಿಸಿದರು. ಗೋಡೆ ತುಂಬ ಕೆಂಪು, ಹಸಿರು ದೀಪಗಳು, ಸಾಲಾಗಿ ಬಟನ್‌ಗಳು. ನನ್ನ ಬೆರಳು ಜುಮ್ಮೆಂದಿತು. "ಇದ್ರಲ್ಲಿ ಗೆದ್ರೆ ಏನ್ ಸಿಗುತ್ತೆ?" ಅಂದೆ. "ಗೆಲ್ಲೋದೇನಿಲ್ಲ. ಎಂಟು ಗಂಟೆ ಏನೂ ಆಗ್ದೆ ಇದ್ರೆ ಅದೇ ಗೆಲುವು" ಅಂದರು. ಒಳ್ಳೆಯ ಮನುಷ್ಯ ಕಣೇ. ಮಾತು ಕಡಿಮೆ. ನನ್ನಂಥವಳಿಗೆ ಬೈರಣ್ಣನಂಥ ಗಂಡ ಸಿಕ್ಕಿದ್ದು ಮಾತಿನ ಲೆಕ್ಕ ಸರಿಹೋಗಲಿ ಅಂತಲೇ ಇರಬೇಕು.

ಈಗ ಮುಖ್ಯ ವಿಷಯ. ಹೋದ ವರ್ಷ ಜಯನಗರದ ದಾಸಪ್ಪನವರ ವಿಡಿಯೋ ಗೇಮ್ ಅಂಗಡಿಯಲ್ಲಿ ನಾವಾಡಿದ ಆಟಗಳಲ್ಲಿ ನನಗೆ ತುಂಬ ಹಿಡಿಸಿದ್ದು ಯಾವುದು ಅಂತ ಅಡುಗೆ ಮಾಡುತ್ತ ಯೋಚಿಸಿದೆ. ಮೊದಲನೆಯದು ಮೇಲಿಂದ ಹುಳುಗಳು ಸಾಲುಸಾಲಾಗಿ ಇಳಿಯುವ ಆಟ. ಅದರ ಸದ್ದು ಎದೆಬಡಿತದ ಹಾಗೆ ಜೋರಾಗುತ್ತ ಹೋಗುತ್ತಿತ್ತಲ್ಲ, ಆಗ ನೀನು ಕಣ್ಣು ಮುಚ್ಚಿ "ಸೊಣ್ಣೀ, ನೀನೇ ನೋಡ್ಕೊಳೇ" ಅನ್ನುತ್ತಿದ್ದೆ. ಎರಡನೆಯದು ಲಾರಿಗಳ ನಡುವೆ ಕಪ್ಪೆ ರಸ್ತೆ ದಾಟುವ ಆಟ. ನಮ್ಮ ಇಟ್ಟಮಡುವಿನಿಂದ ಬನಶಂಕರಿ ದಾಟಿ ಟೈಪಿಂಗ್ ಕ್ಲಾಸಿಗೆ ಬರುವುದಕ್ಕೆ ಅದೇ ತರಬೇತಿ. ಮೂರನೆಯದು ಇಟ್ಟಿಗೆ ಒಡೆಯುವ ಆಟ. ಅದರಲ್ಲಿ ನಾನು ಸೋಲುತ್ತಿದ್ದೆ. ಆದರೂ ಯಾಕೋ ಇಷ್ಟ.

ನಿನ್ನ ಪಟ್ಟಿ ಬರಿ. ಹೊಸ ಮಿಷನ್ ಬಂದರೆ ಬಿಡದೆ ಬರಿ. ಇಲ್ಲಿ ಅದೊಂದು ಇಲ್ಲ, ಮತ್ತೆ ನೀನಿಲ್ಲ.

ಸೊಣ್ಣಮ್ಮ


ಬನಶಂಕರಿ ಎರಡನೇ ಹಂತ
೨೦ ಜನವರಿ ೧೯೮೫

ಸೊಣ್ಣಿ,

ನಿನ್ನ ಪತ್ರವನ್ನು ಪೋಸ್ಟ್‌ಮ್ಯಾನ್ ಕೈಯಿಂದ ಕಿತ್ತುಕೊಂಡೆ ಅಂತ ಅಮ್ಮ ಬೈದಳು. ಹಿಂದೆ ಕೃಷ್ಣಾ ನದಿ ಇರುವ ಮನೆ, ಗೋಡೆ ತುಂಬ ದೀಪ, ಕಡಿಮೆ ಮಾತಿನ ಗಂಡ. ಕೇಳುವುದಕ್ಕೆ ಚೆನ್ನಾಗಿದೆ.

ನನ್ನ ಪಟ್ಟಿ ಸಣ್ಣದು. ನನಗೆ ಹೊಡೆಯುವ, ಸುಡುವ ಆಟಗಳಿಗಿಂತ ಆ ಚುಕ್ಕಿ ತಿನ್ನುತ್ತ ಗಲ್ಲಿಗಲ್ಲಿ ಸುತ್ತುವ ಆಟವೇ ಇಷ್ಟ. ಒಂದು ಗಲ್ಲಿಯ ಕೊನೆಯಲ್ಲಿ ಹೊರಗೆ ಹೋದರೆ ಇನ್ನೊಂದು ಬದಿಯಿಂದ ಒಳಗೆ ಬರಬಹುದಲ್ಲ, ಮೊದಲ ಸಲ ನೀನು ಅದನ್ನು ಕಂಡುಹಿಡಿದಾಗ ಅಂಗಡಿಯೇ ತಿರುಗಿ ನೋಡುವ ಹಾಗೆ ಕಿರುಚಿದ್ದೆ. ಕಾಲೇಜು ಹುಡುಗರೆಲ್ಲ ನಮ್ಮ ಹಿಂದೆ ಬಂದು ನಿಂತರು. ಆಮೇಲೆ ಯಾರೂ ನಮ್ಮನ್ನು "ಏನ್ ಮೇಡಂ, ದಾರಿ ತಪ್ಪಿ ಬಂದ್ರಾ" ಅಂತ ಕೇಳಲಿಲ್ಲ.

ನಾನು ವಾರಕ್ಕೆ ಎರಡು ಸಲ ಹೋಗುತ್ತೇನೆ. ದಾಸಪ್ಪನವರು ನಿನ್ನನ್ನು ಕೇಳುತ್ತಾರೆ. ನಿನ್ನ ಹುಳುಗಳ ಸ್ಕೋರನ್ನು ಇನ್ನೂ ಯಾರೂ ಮುಟ್ಟಿಲ್ಲವಂತೆ. ನನಗೆ ಆಫೀಸಿನಲ್ಲಿ ಕಾಯಂ ಆಯಿತು. ದಿನವಿಡೀ ಟೈಪು. ನಿನ್ನ ಅಪ್ಪ ಉಗ್ರಪ್ಪನವರು ಸಂತೆಯಲ್ಲಿ ಸಿಕ್ಕಿದ್ದರು. ನಿಮ್ಮ ರಾಗಿ ಹೊಲದಲ್ಲಿ ಲೇಔಟಿನ ಕಲ್ಲು ನೆಟ್ಟರಂತೆ.

ನಾನು ಚೆನ್ನಾಗಿದ್ದೇನೆ.

ಕಾತ್ಯಾಯಿನಿ


ಶಕ್ತಿನಗರ
೧೪ ಏಪ್ರಿಲ್ ೧೯೮೫

ಕಾತ್ಯಾ,

ಮೂರು ತಿಂಗಳು ಸುಮ್ಮನಿದ್ದೆ. ಒಂದೆರಡು ಸಲ ಬರೆಯಲು ಕೂತು ಎದ್ದೆ. ಹೇಳುವ ವಿಷಯ ಇತ್ತು, ಆದರೆ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ಪಕ್ಕದ ಮನೆ ಸಪ್ಪಲಮ್ಮನವರು ಬಾಯಿಗೆ ಬೀಗ ಹಾಕಿದ್ದರು. ಅವರೂ ನಮ್ಮ ಕಡೆಯವರೇ. ಈಗ ನಾಲ್ಕು ದಾಟಿತು. ಅರ್ಥವಾಯಿತಲ್ಲ?

ಬಿಸಿಲು ಎಂಥದು ಅಂದರೆ ಕೊಳಾಯಿ ತಿರುಗಿಸಿದರೆ ಕಾಫಿ ಬೆರೆಸುವಷ್ಟು ಬಿಸಿ ನೀರು. ಹೆಚ್ಚು ಹೊತ್ತು ಮಲಗಿಯೇ ಇರುತ್ತೇನೆ. ಮಲಗಿ ಮಲಗಿ ಫ್ಯಾನಿನ ರೆಕ್ಕೆ ಎಣಿಸುವುದೇ ಕೆಲಸ.

ಹೊಸ ಆಟ ಏನಾದರೂ ಬಂತಾ? ಉದ್ದವಾಗಿ ಬರಿ. ಯಾವ ಬಟನ್ ಒತ್ತಿದರೆ ಏನಾಗುತ್ತದೆ, ಯಾವ ಬಣ್ಣ, ಎಲ್ಲ. ನಾನು ಆಡಿದ ಹಾಗೇ ಆಗಬೇಕು.

ಸೊಣ್ಣಿ


ಬನಶಂಕರಿ
೫ ಮೇ ೧೯೮೫

ಸೊಣ್ಣಿ,

ವಿಷಯ ಓದಿ ಕುಣಿದುಬಿಟ್ಟೆ. ಅಮ್ಮ ದೇವಸ್ಥಾನದಲ್ಲಿ ನಿನ್ನ ಹೆಸರಿಗೆ ಅರ್ಚನೆ ಮಾಡಿಸಿದಳು.

ಹೊಸ ಆಟ ಬಂದಿದೆ. ಹರಿಗೋಲಿನ ಆಟ! ಪರದೆ ತುಂಬ ನದಿ. ನಮ್ಮ ಹರಿಗೋಲು ಪರದೆಯ ಕೆಳಗಿನಿಂದ ಮೇಲಕ್ಕೆ, ಪ್ರವಾಹದ ಜೊತೆ ಹೋಗಬೇಕು. ಸ್ಟಿಕ್ ಎಡಕ್ಕೆ ತಿರುಗಿಸಿದರೆ ತಕ್ಷಣ ಎಡಕ್ಕೆ ಹೋಗುವುದಿಲ್ಲ, ಒಂದು ಸುತ್ತು ತಿರುಗಿ ಆಮೇಲೆ ಹೋಗುತ್ತದೆ. ಹಾಗಾಗಿ ಬಂಡೆ ಕಾಣುವ ಮೊದಲೇ ಮನಸ್ಸು ಮಾಡಬೇಕು. ನೀರು ಕಡು ನೀಲಿ, ಬಂಡೆ ಕಂದು, ದಡದಲ್ಲಿ ಹಸಿರು ಗೆರೆ. ಮೊದಲನೇ ಹಂತದಲ್ಲಿ ಬಂಡೆ ಮಾತ್ರ. ಎರಡನೆಯದರಲ್ಲಿ ಸುಳಿ. ಮೂರರಲ್ಲಿ ಎರಡೂ ದಡದಲ್ಲಿ ಜನ ಕೈ ಬೀಸಿ ಕರೆಯುತ್ತಾರೆ, ಹತ್ತಿಸಿಕೊಂಡರೆ ಹರಿಗೋಲು ಭಾರವಾಗಿ ನಿಧಾನವಾಗುತ್ತದೆ, ಆದರೆ ಸುಳಿಗೆ ಸಿಕ್ಕಿದರೂ ಮಗುಚುವುದಿಲ್ಲ. ನಾಲ್ಕರಲ್ಲಿ ಗಾಳಿ.

ಇದರಲ್ಲಿ ಯಾರನ್ನೂ ಹೊಡೆಯುವಂತಿಲ್ಲ. ಈ ವರ್ಷ ಇಲ್ಲಿಯವರೆಗೆ ಆಡಿದ್ದರಲ್ಲಿ ನನಗೆ ಇದೇ ಅತಿ ಇಷ್ಟ.

ನಮ್ಮ ಆಫೀಸಿನವಳೊಬ್ಬಳು ಈಗ ನನ್ನ ಜೊತೆ ಬರುತ್ತಾಳೆ. ಎದುರು ಕೂತು ಚೆನ್ನಾಗಿಯೇ ಆಡುತ್ತಾಳೆ. ಆದ್ದರಿಂದ ನನ್ನ ಚಿಂತೆ ಬೇಡ. ಹಣ್ಣು ತಿನ್ನು, ನಿದ್ದೆ ಮಾಡು.

ಕಾತ್ಯಾ


ಶಕ್ತಿನಗರ
೯ ಜೂನ್ ೧೯೮೫

ಕಾತ್ಯಾ,

ಎಂಥ ಸೋಜಿಗ ನೋಡು, ಇಲ್ಲಿನ ಹರಿಗೋಲು ಜಯನಗರದ ಪರದೆಯ ಮೇಲೆ! ಇವರಿಗೆ ಓದಿ ಹೇಳಿದೆ. "ಯಾರೋ ನಮ್ ಕಡೆ ನೋಡಿ ಮಾಡಿರ್ಬೇಕು" ಅಂದರು.

ನಾನು ದಿನಾ ಆಡುತ್ತೇನೆ. ಕಣ್ಣು ಮುಚ್ಚಿ ಆಡುತ್ತೇನೆ. ಮೂರನೇ ಹಂತದಲ್ಲಿ ಮೊದಲು ಇಬ್ಬರನ್ನು ಹತ್ತಿಸಿಕೊಳ್ಳುತ್ತೇನೆ, ಹೆಚ್ಚು ಬೇಡ. ಆದರೆ ನಾಲ್ಕರಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ನೀನು ಬರೆದಿಲ್ಲ. ಅಲ್ಲೇ ಸಿಕ್ಕಿಕೊಂಡಿದ್ದೇನೆ. ಐದನೇ ಹಂತ ಇದೆಯಾ? ನೀನು ಅಲ್ಲಿಗೆ ಹೋದೆಯಾ?

ನಿನ್ನ ಎದುರಿಗೆ ಕೂರುವವಳ ಹೆಸರೇನು? ಹುಳುಗಳ ಆಟದಲ್ಲಿ ಅವಳು ಕಣ್ಣು ಬಿಟ್ಟೇ ಆಡುತ್ತಾಳಾ? ಸುಮ್ಮನೆ ಕೇಳಿದೆ. ನೀನು ಒಬ್ಬಳೇ ಹೋಗುವುದಕ್ಕಿಂತ ಒಳ್ಳೆಯದು. ಅಷ್ಟು ಬೇಗ ಯಾರೋ ಸಿಕ್ಕಿದರಲ್ಲ ಅಂತ ಸಂತೋಷವೇ.

ಹೆರಿಗೆಗೆ ಇಟ್ಟಮಡುವಿಗೆ ಬರುತ್ತೇನೆ. ಭಾದ್ರಪದಕ್ಕೆ ಮುಂಚೆ. ಹೊಟ್ಟೆ ಹೊತ್ತುಕೊಂಡೇ ಆ ಅಂಗಡಿಗೆ ಬಂದು ಇಬ್ಬರನ್ನೂ ಸೋಲಿಸುತ್ತೇನೆ.

ಸೊಣ್ಣಿ


ಬನಶಂಕರಿ
೨೩ ಜೂನ್ ೧೯೮೫

ಸೊಣ್ಣಿ,

ಗಾಳಿ ಯಾವಾಗಲೂ ಬಲದಿಂದ. ದಡದ ಮರಗಳು ಬಾಗಿದ್ದನ್ನು ನೋಡಿ ತಿಳಿಯಬೇಕು. ಬಲದಂಡೆಗೆ ಅಂಟಿಕೊಂಡೇ ಹೋಗು.

ಐದನೇ ಹಂತಕ್ಕೆ ಮೊನ್ನೆ ಹೋದೆ. ಅಲ್ಲಿ ಬರೀ ಮಂಜು. ಪರದೆಯೆಲ್ಲ ಬೆಳ್ಳಗೆ. ಬಂಡೆ ಕಾಣದು, ದಡ ಕಾಣದು. ಎಲ್ಲರೂ ಗಾಬರಿಯಾಗಿ ಸ್ಟಿಕ್ ತಿರುಗಿಸುತ್ತಾರೆ, ಹಾಳಾಗುತ್ತಾರೆ. ಗುಟ್ಟೇನೆಂದರೆ ಅಲ್ಲಿ ಏನನ್ನೂ ಒತ್ತಬಾರದು. ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿರಬೇಕು. ನೀರೇ ಹರಿಗೋಲನ್ನು ತೆಗೆದುಕೊಂಡು ಹೋಗುತ್ತದೆ. ಸದ್ದು ಕೇಳಿಸಿಕೊಳ್ಳುತ್ತಿದ್ದರೆ ಸಾಕು. ಎಷ್ಟು ಹೊತ್ತು ಅಂತ ಹೇಳಲಾರೆ. ತುಂಬ ಹೊತ್ತು. ಆಮೇಲೆ ಮಂಜು ತಾನಾಗಿ ತೆಳುವಾಗುತ್ತದೆ.

ಅವಳ ಹೆಸರು ಲಕ್ಷ್ಮಿ. ಒಳ್ಳೆಯವಳು. ಈಗ ನನಗೆ ಬೇಜಾರು ಅನ್ನುವುದೇ ಇಲ್ಲ. ನೀನು ಬೇಗ ಬಾ.

ಕಾತ್ಯಾ


ಬನಶಂಕರಿ
೨೯ ಸೆಪ್ಟೆಂಬರ್ ೧೯೮೫

ಸೊಣ್ಣಮ್ಮನವರಿಗೆ,

ಇದು ನನ್ನ ನಾಲ್ಕನೆಯ ಪತ್ರ. ಜುಲೈನಲ್ಲಿ ಒಂದು, ಆಗಸ್ಟಿನಲ್ಲಿ ಎರಡು ಬರೆದೆ. ಒಂದಕ್ಕೂ ಉತ್ತರವಿಲ್ಲ.

ಗಣೇಶನ ಹಬ್ಬದ ಮಾರನೆಯ ದಿನ ಇಟ್ಟಮಡುವಿಗೆ ಹೋಗಿದ್ದೆ. ಹುಲಿ ಉಗುರಿನ ಹಾಗೆ ಕಾಣುವ ಸಣ್ಣ ಪದಕದ ಸರ ತೆಗೆದುಕೊಂಡು ಹೋಗಿದ್ದೆ, ಮಗುವಿಗೆ. ನಿಮ್ಮಮ್ಮ ಕೆಂಪಕ್ಕನವರು ಗೇಟಿನಲ್ಲೇ ನಿಂತು "ಈ ಸಲ ಬರಲ್ಲ ಕಣವ್ವ" ಅಂದರು. ಮತ್ತೇನೂ ಹೇಳಲಿಲ್ಲ, ಒಳಗೆ ಕರೆಯಲಿಲ್ಲ. ನಾನು ಸರವನ್ನು ಕೈಚೀಲದಿಂದ ತೆಗೆಯಲೇ ಇಲ್ಲ.

ನಾನೇನು ತಪ್ಪು ಮಾಡಿದೆ ಎಂದು ತಿಳಿಯದು. ಲಕ್ಷ್ಮಿಯ ವಿಷಯ ಬರೆದದ್ದಕ್ಕೆ ಕೋಪವೇ? ಅಥವಾ ಸಂಸಾರ ತುಂಬಿದ ಮೇಲೆ ಹಳೆಯ ಗೆಳತಿಯ ಆಟಪಾಟಗಳ ಕತೆ ಬಾಲಿಶ ಅನ್ನಿಸಿತೇ? ಹಾಗಿದ್ದರೆ ಒಂದು ಸಾಲು ಬರೆದು ತಿಳಿಸಿದರೆ ಸಾಕು. ನಾನು ಇನ್ನು ತೊಂದರೆ ಕೊಡುವುದಿಲ್ಲ.

ಕಾತ್ಯಾಯಿನಿ


ಶಕ್ತಿನಗರ
೨೪ ನವೆಂಬರ್ ೧೯೮೫

ಕಾತ್ಯಾ,

ದೀಪಾವಳಿಗೆ ಊರಿಗೆ ಬಂದಿದ್ದೆ. ನಿನಗೆ ತಿಳಿಸಲಿಲ್ಲ. ಯಾರಿಗೂ ಮುಖ ತೋರಿಸುವುದು ಬೇಡವಾಗಿತ್ತು.

ಎಂಟು ದಿನ ಮನೆಯೊಳಗೇ ಇದ್ದೆ. ಒಂಬತ್ತನೇ ದಿನ ಅವ್ವನಿಗೆ ಬ್ಲೌಸ್ ಹೊಲಿಯಲು ಕೊಡುತ್ತೇನೆ ಅಂತ ಸುಳ್ಳು ಹೇಳಿ ಜಯನಗರಕ್ಕೆ ಬಂದೆ. ಹರಿಗೋಲಿನ ಆಟ ಆಡಬೇಕಾಗಿತ್ತು. ಒಂದೇ ಒಂದು ಸಲ, ಕಣ್ಣು ಬಿಟ್ಟು. ಕಾಂಪ್ಲೆಕ್ಸಿನ ಹಿಂದೆ ತಿರುಗಿದೆ. ದಾಸಪ್ಪನವರ ಅಂಗಡಿ ಇದ್ದಲ್ಲಿ ಲೈನಿಂಗ್ ಬಟ್ಟೆ, ಫಾಲ್ಸ್ ಮಾರುವ ಅಂಗಡಿ. ಬಟ್ಟೆ ಕತ್ತರಿಸುತ್ತಿದ್ದವರನ್ನು ಕೇಳಿದೆ. "ಆ ಕುಂಯ್ ಕುಂಯ್ ಅಂಗ್ಡೀನಾ? ಯುಗಾದಿಗೇ ಎತ್ಕೊಂಡು ಹೋದ್ರು ಕಣಮ್ಮಾ" ಅಂದರು. "ಇಲ್ಲ ಅಣ್ಣ, ಮೇ ತಿಂಗಳಲ್ಲಿ ಹೊಸ ಮಿಷನ್ ಬಂದಿತ್ತು, ನದಿ ಇರೋದು" ಅಂದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಕೂತ್ಕೊಳಮ್ಮಾ, ನೀರು ಬೇಕಾ" ಅಂದರು.

ಅಲ್ಲಿಂದ ನಿಮ್ಮ ಮನೆಯ ರಸ್ತೆಗೆ ಬಂದೆ. ಗೇಟಿನ ತನಕ ಬಂದೆ. ಒಳಗೆ ನಿನ್ನ ದನಿ ಕೇಳಿತು, ಅಮ್ಮನ ಜೊತೆ ಏನೋ ಜಗಳವಾಡುತ್ತಿದ್ದೆ. ತಿರುಗಿ ಹೋದೆ.

ಈಗ ನನ್ನದು ಹೇಳುತ್ತೇನೆ. ಮೇ ತಿಂಗಳಿಂದಲೇ ಡಾಕ್ಟರು ನನ್ನನ್ನು ಹಾಸಿಗೆಯಿಂದ ಏಳಬೇಡ ಅಂದಿದ್ದರು. ನಿನಗೆ ಬರೆಯಲಿಲ್ಲ, ನೀನು ಹೆದರುತ್ತೀಯ ಅಂತ. ರೈಲು ಹತ್ತುವಂತಿರಲಿಲ್ಲ. ಆಗಸ್ಟ್ ಮೂರನೇ ತಾರೀಖು ಬೆಳಿಗ್ಗೆ ಮಗು ಅಲುಗುತ್ತಿಲ್ಲ ಅನ್ನಿಸಿತು. ರಾಯಚೂರಿನ ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋದರು. ಮಗು ಹೊಟ್ಟೆಯೊಳಗೇ ತೀರಿಹೋಗಿತ್ತು. ಆದರೂ ಹೆರಬೇಕಲ್ಲ. ನಾನು ಆ ದಿನವೆಲ್ಲ ಹರಿಗೋಲಿನಲ್ಲಿ ಇದ್ದೆ ಕಾತ್ಯಾ. ಐದನೇ ಹಂತ. ಏನನ್ನೂ ಒತ್ತಬಾರದು ಅಂತ ನೀನು ಬರೆದಿದ್ದೆಯಲ್ಲ. ನರ್ಸು "ಕಿರುಚಮ್ಮಾ, ಕಿರುಚಿದ್ರೆ ಹಗುರಾಗುತ್ತೆ" ಅನ್ನುತ್ತಿದ್ದರು. ನಾನು ಕೈ ಬಿಟ್ಟು ಸುಮ್ಮನೆ ಸದ್ದು ಕೇಳಿಸಿಕೊಳ್ಳುತ್ತಿದ್ದೆ.

ಆ ಆಟ ಇರಲೇ ಇಲ್ಲವಾ?

ಜುಲೈನದು ಸಿಕ್ಕಿತ್ತು, ಆದರೆ ಬರುವುದಿಲ್ಲ ಅಂತ ಬರೆಯಲು ಮನಸ್ಸಾಗಲಿಲ್ಲ. ಆಗಸ್ಟಿನ ನಿನ್ನ ಎರಡೂ ಕಾಗದವನ್ನು ಇವರು ಮೇಜಿನ ಖಾನೆಯಲ್ಲಿಟ್ಟಿದ್ದರು. "ಮಗು ಹೇಗಿದೆ" ಅಂತ ಅದರಲ್ಲಿತ್ತು, ಅದಕ್ಕೇ ಕೊಡಲಿಲ್ಲವಂತೆ. ಸೆಪ್ಟೆಂಬರಿನದು ಮಾತ್ರ ನನ್ನ ಕೈಗೇ ಬಂತು. "ಸೊಣ್ಣಮ್ಮನವರಿಗೆ" ಅಂತ ಓದಿ ಮಡಿಸಿಟ್ಟೆ.

ಕೋಪ ಇದೆ. ಎಷ್ಟಿದೆ ಅಂತ ಗೊತ್ತಿಲ್ಲ. ಒಂದು ಮಾತ್ರ ಹೇಳು. ಆಟ ಸುಳ್ಳಾದರೆ ಲಕ್ಷ್ಮಿ ನಿಜವಾ?

ಸೊಣ್ಣಿ


ಬನಶಂಕರಿ
೧ ಡಿಸೆಂಬರ್ ೧೯೮೫

ಸೊಣ್ಣಿ,

ಲಕ್ಷ್ಮಿ ಇಲ್ಲ. ಯಾವತ್ತೂ ಇರಲಿಲ್ಲ.

ನಿನ್ನ ಪತ್ರವನ್ನು ನಿಂತೇ ಓದಿದೆ. ಸೆಪ್ಟೆಂಬರಿನಲ್ಲಿ ನಾನು ಬರೆದದ್ದನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ನಡೆದುಕೊಂಡೇ ರಾಯಚೂರಿಗೆ ಬರುತ್ತಿದ್ದೆ. ಕೆಂಪಕ್ಕನವರು ಯಾಕೆ ಒಳಗೆ ಕರೆಯಲಿಲ್ಲ ಅಂತ ಈಗ ತಿಳಿಯಿತು. ಅವರ ಸೆರಗು ಬಾಯಿಯ ಮೇಲಿತ್ತು. ನಾನು ಅದನ್ನು ನೋಡಿದ್ದೆ, ಬಿಸಿಲಿಗೆ ಅಂದುಕೊಂಡೆ.

ನಿಜ ಹೇಳುತ್ತೇನೆ. ನೀನು ಹೋದ ಮೇಲೆ ನಾನು ಆ ಅಂಗಡಿಗೆ ಹೋದದ್ದು ಒಂದೇ ಸಲ, ಜನವರಿಯಲ್ಲಿ. ಅಭ್ಯಾಸದಿಂದ ಇಬ್ಬರ ಆಟದ ಬಟನ್ ಒತ್ತಿಬಿಟ್ಟೆ. ನನ್ನ ಸರದಿ ಮುಗಿಯಿತು. ಆ ಮೇಜಿನ ಮಿಷನ್ ಗೊತ್ತಲ್ಲ, ಎದುರಿನವರ ಸರದಿ ಬಂದಾಗ ಗಾಜಿನ ಕೆಳಗೆ ಚಿತ್ರವೇ ತಿರುಗಿ ಅವರ ಕಡೆಗೆ ಮುಖ ಮಾಡುತ್ತದೆ. ತಿರುಗಿತು. ಎದುರಿಗೆ ಖಾಲಿ ಕುರ್ಚಿ. ತಲೆಕೆಳಗಾದ ಚಿತ್ರದಲ್ಲಿ ನಿನ್ನ ಮೂರು ಪ್ರಾಣಗಳೂ ಒಂದೊಂದಾಗಿ ಹೋಗುವುದನ್ನು ನೋಡುತ್ತ ಕೂತಿದ್ದೆ. ಯಾರೋ ಬಂದು "ಮೇಡಂ, ಈ ಕಡೆ ನಾನ್ ಆಡ್ಲಾ?" ಅಂದರು. ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಯುಗಾದಿಗೆ ಅಂಗಡಿ ಮುಚ್ಚಿದ್ದೂ ಎಷ್ಟೋ ದಿನ ತಡವಾಗಿ ಗೊತ್ತಾಯಿತು.

ಏಪ್ರಿಲ್‌ನಲ್ಲಿ ನೀನು ಹೊಸ ಆಟ ಕೇಳಿದೆ. ಇಲ್ಲ ಅನ್ನಲು ಆಗಲಿಲ್ಲ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ತಪ್ಪಾದ ಹಾಳೆಗಳ ಬೆನ್ನ ಮೇಲೆ ನಿನ್ನ ನದಿ ಬರೆದೆ. ಒಂದೊಂದು ಬಂಡೆಯನ್ನೂ ಇಟ್ಟು, ಪೆನ್ಸಿಲ್ ತುದಿಯಿಂದ ನಾನೇ ದಾಟಿ ನೋಡಿ, ದಾಟಲು ಆಗುತ್ತದೆ ಅಂತ ಖಾತ್ರಿಯಾದ ಮೇಲೆ ನಿನಗೆ ಬರೆದೆ. ಐದನೇ ಹಂತಕ್ಕೆ ಬಂದಾಗ ನನಗೆ ಏನೂ ಹೊಳೆಯಲಿಲ್ಲ. ಖಾಲಿ ಹಾಳೆ ಮುಂದಿತ್ತು. ಅದನ್ನೇ ಮಂಜು ಅಂತ ಬರೆದೆ. ಅಷ್ಟೇ ಕಣೇ. ನೀನು ಅಲ್ಲಿ ಅದನ್ನು ಹಿಡಿದುಕೊಂಡು ಮಲಗಿರುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ.

ಲಕ್ಷ್ಮಿಯನ್ನು ಯಾಕೆ ಹುಟ್ಟಿಸಿದೆ ಅಂದರೆ, ನಾನು ಒಬ್ಬಳೇ ಅಂತ ತಿಳಿದರೆ ನೀನು ಅಲ್ಲಿ ಕೊರಗುತ್ತೀಯ ಅಂತ. ಸ್ವಲ್ಪ ಹೊಟ್ಟೆಕಿಚ್ಚು ಪಡಲಿ ಅಂತಲೂ ಇತ್ತು. ಅದೂ ನಿಜ.

ಡಿಸೆಂಬರ್ ಇಪ್ಪತ್ತೈದರಿಂದ ನನಗೆ ರಜೆ ಮಂಜೂರಾಗಿದೆ. ಅಪ್ಪ "ಅಷ್ಟ್ ದೂರ ಒಬ್ಳೇನಾ?" ಅಂದರು. "ಹೂಂ, ಒಬ್ಳೇ" ಅಂದೆ. ಟಿಕೆಟ್ ತೆಗೆದುಕೊಂಡಿದ್ದೇನೆ. ಇಪ್ಪತ್ತಾರರ ಬೆಳಿಗ್ಗೆ ರಾಯಚೂರು. ಬರಬೇಡ ಅನ್ನುವುದಿದ್ದರೆ ತಂತಿ ಕೊಡು. ಕೊಟ್ಟರೂ ಬರುತ್ತೇನೆ.

ಕಾತ್ಯಾ


ಶಕ್ತಿನಗರ
೫ ಜನವರಿ ೧೯೮೬

ಕಾತ್ಯಾ,

ನೀನು ಕ್ಷೇಮವಾಗಿ ತಲುಪಿದ್ದು ತಿಳಿಯಿತು. ನೀನು ಬಿಟ್ಟುಹೋದ ಛತ್ರಿ ಸಪ್ಪಲಮ್ಮನವರ ಮನೆಯಲ್ಲಿದೆ.

ಹೋದ ವರ್ಷ ಇಷ್ಟವಾದ ಆಟಗಳ ಪಟ್ಟಿ ಈ ಸಲ ಬೇಡ. ನನ್ನದರಲ್ಲಿ ಒಂದೇ ಇದೆ, ಅದು ಯಾವುದು ಅಂತ ನಿನಗೆ ಗೊತ್ತು. ನೀನು ತಂದ ಆ ಪೆನ್ಸಿಲ್ ಹಾಳೆಗಳನ್ನು ಇವರು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಗಂಟೆ ನೋಡಿದರು. ಎರಡನೇ ಹಂತದ ಸುಳಿ ತಪ್ಪಾದ ಕಡೆಗೆ ತಿರುಗುತ್ತಿದೆಯಂತೆ. "ನಿನ್ ಫ್ರೆಂಡಿಗೆ ಬರೆದು ತಿಳಿಸು" ಅಂದರು. ತಿಳಿಸಿದ್ದೇನೆ.

ರೈಲು ಹೋದ ಮೇಲೆ ನಾವಿಬ್ಬರೂ ಪ್ಲಾಟ್‌ಫಾರಂ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆವು. ಇವರು ಇದ್ದಕ್ಕಿದ್ದ ಹಾಗೆ "ಇವತ್ತು ನಕ್ಕೆ ನೀನು" ಅಂದರು. ನನಗೆ ಗೊತ್ತಿರಲಿಲ್ಲ. ಆಗ ಏನೋ ಧೈರ್ಯ ಬಂತು, ಐದು ತಿಂಗಳಿಂದ ಕೇಳದೆ ಇದ್ದದ್ದನ್ನು ಕೇಳಿಬಿಟ್ಟೆ. "ಮಗೂನ ಎಲ್ಲಿಟ್ರಿ?"

ಆಸ್ಪತ್ರೆಯಲ್ಲಿ ನನಗೆ ಮುಖ ತೋರಿಸಿರಲಿಲ್ಲ ಕಾತ್ಯಾ. ನೋಡಿದರೆ ಮರೆಯುವುದು ಕಷ್ಟ ಅಂದಿದ್ದರು. ಇವರು ಒಬ್ಬರೇ ಎತ್ತಿಕೊಂಡು ಹೋಗಿದ್ದರು. ಮನೆಯಲ್ಲಿ ಆ ಮಾತು ಎತ್ತಿರಲಿಲ್ಲ, ನಾನು ಎತ್ತಲಿ ಅಂತ ಇವರು, ಇವರು ಎತ್ತಲಿ ಅಂತ ನಾನು.

ಮಾರನೆಯ ದಿನ ಮಧ್ಯಾಹ್ನ ಕರೆದುಕೊಂಡು ಹೋದರು. ಕಾಲೋನಿಯಿಂದ ಒಂದು ಮೈಲಿ, ಹೊಂಗೆ ಮರಗಳ ಸಾಲು ಮುಗಿಯುವ ಕಡೆ. ಗುರುತಿಗೆ ಮೂರು ಕಲ್ಲು ಇಟ್ಟಿದ್ದಾರೆ. ಸುತ್ತ ಕಳೆ ಇರಲಿಲ್ಲ. ಆಗಾಗ ಬಂದು ಕಿತ್ತುಹಾಕುತ್ತಾರೆ ಅಂತ ನೋಡಿದ ಕೂಡಲೇ ತಿಳಿಯಿತು. ಶಿಫ್ಟು ಮುಗಿದ ಮೇಲೆ ಇವರು ತಡವಾಗಿ ಬರುತ್ತಿದ್ದದ್ದಕ್ಕೆ ನಾನು ಏನೇನೋ ಅಂದುಕೊಂಡಿದ್ದೆ.

ಕೂತೆವು. ತುಂಬ ಹೊತ್ತಾದ ಮೇಲೆ "ಯಾರ್ ಥರ ಇತ್ತು?" ಅಂದೆ. ಇವರು ಕಲ್ಲನ್ನೇ ನೋಡುತ್ತ "ಮೂಗು ನಿಂದೇ" ಅಂದರು.

ಹೆಣ್ಣು ಮಗು ಕಣೇ. ನೀನು ಇಲ್ಲಿದ್ದ ನಾಲ್ಕು ದಿನವೂ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಲಾಗಲಿಲ್ಲ. ಈಗ ಹೇಳಿದೆ.

ಸೊಣ್ಣಿ